ಸ್ಕೇಟರ್‌ಗಾಗಿ ಕಾದ ತಾಳ

8 ಫೆಬ್ರವರಿ 2025, ಶನಿವಾರ, ರಾತ್ರಿ

ಇವತ್ತಿನ ಐಸ್ ಶೋನಲ್ಲಿ ಸ್ಕೇಟರ್‌ಗಳನ್ನು ನೋಡಿದಷ್ಟೇ ಹೊತ್ತು ಡ್ರಮ್ ನುಡಿಸುವವರನ್ನೂ ನೋಡಿದೆ. ಊರೂರು ಸುತ್ತುವ ತಂಡ ಇದು. ಹಾಡು, ಪಿಯಾನೊ, ಚೆಲ್ಲೊ, ಗಿಟಾರ್, ಸ್ಯಾಕ್ಸೊಫೋನ್, ಡ್ರಮ್ ಎಲ್ಲವೂ ಅಲ್ಲೇ, ಎದುರಿಗೇ. ವಾದ್ಯದವರ ವೇದಿಕೆ ರಿಂಕ್‌ನ ಒಂದು ತುದಿಯಲ್ಲಿತ್ತು. ನನಗೆ ಸಿಕ್ಕ ಸೀಟು ಅದರ ಪಕ್ಕದಲ್ಲಿ, ಸ್ವಲ್ಪ ಮೇಲೆ. ಇಲ್ಲಿಂದ ಐಸ್ ಪೂರ್ತಿ ಕಾಣುವುದಿಲ್ಲ ಎಂದು ಟಿಕೆಟ್‌ನಲ್ಲೇ ಬರೆದಿತ್ತು. ನಿಜ, ಹತ್ತಿರದ ಒಂದು ಮೂಲೆ ಕಾಣಲಿಲ್ಲ. ಆದರೆ ನುಡಿಸುವವರು ಎತ್ತ ನೋಡುತ್ತಿದ್ದಾರೆ ಅನ್ನೋದು ಚೆನ್ನಾಗಿ ಕಂಡಿತು.

ಅವರು ನೋಡುತ್ತಿದ್ದದ್ದು ಸ್ಕೇಟರ್‌ಗಳ ಮೊಣಕಾಲನ್ನು.

ಜಿಗಿಯುವ ಮೊದಲು ಮೊಣಕಾಲು ಬಾಗಲೇಬೇಕು. ಆಮೇಲೆ ನಡೆಯುವುದು ಯಾರ ಕೈಯಲ್ಲೂ ಇಲ್ಲ. ಮೂರು ಸುತ್ತಿನ ಜಿಗಿತದಲ್ಲಿ ಸ್ಕೇಟರ್ ಗಾಳಿಯಲ್ಲಿರುವುದು ಹೆಚ್ಚುಕಮ್ಮಿ 0.6 ಸೆಕೆಂಡ್. ಹಾಡು ನಿಧಾನವಾಯಿತು ಅಂತ ಒಂದಿಷ್ಟು ಹೊತ್ತು ಮೇಲೆಯೇ ನಿಲ್ಲಲು ಆಗುವುದಿಲ್ಲ. ಹಾಗಾಗಿ ಹೊಂದಿಕೊಳ್ಳಬೇಕಾದ್ದು ಜಿಗಿತದ ಮುಂಚಿನ ಹೆಜ್ಜೆಗಳು, ಇಲ್ಲವೇ ಹಾಡು. ರೆಕಾರ್ಡ್ ಮಾಡಿದ ಹಾಡಾದರೆ ಅದು ಹೊಂದಿಕೊಳ್ಳುವುದಿಲ್ಲ. ಸ್ಕೇಟರ್‌ ಒಬ್ಬರೇ ಎಲ್ಲ ಲೆಕ್ಕ ಇಟ್ಟುಕೊಳ್ಳಬೇಕು. ಮನುಷ್ಯರು ನುಡಿಸುವಾಗ ಆ ಹೊಣೆಯಲ್ಲಿ ಅರ್ಧ ಅವರದ್ದೂ ಆಗುತ್ತದೆ.

ಆದರೆ ಇದು ಅಪಾಯವೂ ಹೌದು. ಜನ ಚಪ್ಪಾಳೆ ತಟ್ಟಿದರೆ ವಾದ್ಯದವರಿಗೆ ಹುರುಪು ಬರುತ್ತದೆ, ಗತಿ ತಾನಾಗಿಯೇ ಏರುತ್ತದೆ. ಐಸ್ ಮೇಲಿರುವವರಿಗೆ ಅದು ಬಲು ಕಷ್ಟ. ಅದಕ್ಕೇ ದೊಡ್ಡ ಜಿಗಿತಗಳಿರುವ ಹಾಡುಗಳಲ್ಲಿ ವಾದಕರು ಕಿವಿಯಲ್ಲಿ ಕ್ಲಿಕ್, ಅಂದರೆ ವೇಗ ತೋರಿಸುವ ಟಿಕ್ ಟಿಕ್ ಸದ್ದು, ಹಾಕಿಕೊಳ್ಳುತ್ತಾರಂತೆ. ಪ್ರತಿ ರಾತ್ರಿ ಒಂದೇ ವೇಗ. ನಿಧಾನದ ಹಾಡುಗಳಿಗೆ ಕ್ಲಿಕ್ ತೆಗೆದುಬಿಡುತ್ತಾರೆ. ವಿರಾಮದಲ್ಲಿ ಕಟಕಟೆಯ ಹತ್ತಿರ ಹೋಗಿ ಕೇಳಿದಾಗ ಚೆಲ್ಲೊ ನುಡಿಸುವವರು ಹೇಳಿದ ಮಾತಿದು. ಕೈಬೆರಳು ಉಜ್ಜಿಕೊಳ್ಳುತ್ತಲೇ ಮಾತಾಡಿದರು ಪಾಪ.

ಚಳಿ ಅವರಿಗೆ ನಿಜವಾದ ತೊಂದರೆ. ಫಿಗರ್ ಸ್ಕೇಟಿಂಗ್‌ನ ಐಸ್ ಮೇಲ್ಗಡೆ ಸುಮಾರು ಮೈನಸ್ 4 ಡಿಗ್ರಿ ಇರುತ್ತದೆ. ಐಸ್ ಹಾಕಿ ಆಟಕ್ಕೆ ಇನ್ನೂ ತಣ್ಣಗಿನ, ಗಟ್ಟಿ ಐಸ್ ಬೇಕು. ಫಿಗರ್ ಸ್ಕೇಟರ್‌ಗಳಿಗೆ ಬ್ಲೇಡಿನ ಅಂಚು ಕಚ್ಚಿಕೊಳ್ಳುವಷ್ಟು ಮೆತ್ತಗಿದ್ದರೆ ಒಳ್ಳೆಯದು. ಆ ಐಸಿನ ಮಗ್ಗುಲಲ್ಲಿ ವಾದ್ಯಗಳು ಕೂತಿರುತ್ತವೆ. ತಣ್ಣಗಾದರೆ ಗಿಟಾರ್‌ನ ಲೋಹದ ತಂತಿ ಬಿಗಿಯಾಗಿ ಶ್ರುತಿ ಏರುತ್ತದೆ. ಸ್ಯಾಕ್ಸೊಫೋನ್‌ನಲ್ಲಿ ಇದರ ಉಲ್ಟಾ, ಒಳಗಿನ ಗಾಳಿ ತಣ್ಣಗಾದಷ್ಟೂ ಶ್ರುತಿ ಇಳಿಯುತ್ತದೆ. ಅಂದರೆ ಇಬ್ಬರೂ ಸುಮ್ನೆ ಕೂತಿದ್ದರೆ ಸಾಕು, ಒಬ್ಬರಿಂದೊಬ್ಬರು ದೂರ ಹೋಗುತ್ತಾರೆ. ಸ್ಯಾಕ್ಸೊಫೋನ್‌ನವರು ತಮ್ಮ ಸರದಿ ಬರುವ ಮುಂಚೆಯೇ ವಾದ್ಯದೊಳಗೆ ಮೆಲ್ಲಗೆ ಬಿಸಿಯುಸಿರು ಬಿಡುತ್ತಿದ್ದರು. ಶುರುವಿನಲ್ಲಿ ಏನು ಮಾಡುತ್ತಿದ್ದಾರೆ ಅಂತಲೇ ನನಗೆ ಹೊಳೆದಿರಲಿಲ್ಲ.

ಇನ್ನೊಂದು ಲೆಕ್ಕ ಮನೆಗೆ ಬಂದು ಹಾಕಿದೆ. ಸ್ಪರ್ಧೆಯ ರಿಂಕ್ 60 ಮೀಟರ್ ಉದ್ದ, 30 ಮೀಟರ್ ಅಗಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಈ ತುದಿಯಲ್ಲಿ ಬಾರಿಸಿದ ಡ್ರಮ್ ಆ ತುದಿಗೆ ಮುಟ್ಟಲು 0.17 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಇಡೀ ಜಿಗಿತವೇ 0.6 ಸೆಕೆಂಡ್. ಸ್ಪೀಕರ್‌ಗಳನ್ನು ರಿಂಕ್‌ನ ನಡುವೆ ಮೇಲಿನಿಂದ ತೂಗುಹಾಕಿದ್ದು ಯಾಕೆ ಅಂತ ಆಗ ಅರ್ಥವಾಯಿತು. ನಡುವೆ ಇದ್ದರೆ ಶಬ್ದ ಎರಡು ತುದಿಗೂ ಅರ್ಧ ದೂರ ಹೋದರೆ ಸಾಕು.

ಇವತ್ತಿನ ರಿಂಕ್ ಸ್ಪರ್ಧೆಯದಕ್ಕಿಂತ ಚಿಕ್ಕದು. ತಂಡದವರೇ ಹಾಸಿದ ಐಸ್. ನೆಲದ ಮೇಲೆ ಸಣ್ಣ ಕೊಳವೆಗಳ ಹಾಸು ಬಿಡಿಸಿ, ಅದರೊಳಗೆ ಹೆಪ್ಪುಗಟ್ಟದಂತೆ ಗ್ಲೈಕಾಲ್ ಬೆರೆಸಿದ ತಣ್ಣನೆಯ ದ್ರವ ಹರಿಸುತ್ತಾರೆ. ಮೇಲಿನಿಂದ ನೀರನ್ನು ತೆಳ್ಳಗೆ ಸಿಂಪಡಿಸಿ ಪದರ ಪದರವಾಗಿ ಕಟ್ಟುತ್ತಾರೆ. ಜಾಗ ಚಿಕ್ಕದಾದಷ್ಟೂ ಜಿಗಿತಕ್ಕೆ ಮುನ್ನ ವೇಗ ಹಿಡಿಯಲು ದೂರ ಕಡಿಮೆ. ಅದರ ಮೇಲೆ ಕತ್ತಲು, ಮುಖಕ್ಕೆ ಸ್ಪಾಟ್‌ಲೈಟ್. ಸ್ಪರ್ಧೆಯಲ್ಲಿ ರಿಂಕ್ ತುಂಬ ಬೆಳಕಿರುತ್ತದೆ. ಶೋನಲ್ಲಿ ಸುತ್ತಿನ ತಡೆಗೋಡೆ ಎಷ್ಟು ಹತ್ತಿರವಿದೆ ಎಂದು ತಿಳಿಯುವುದೇ ಕಷ್ಟ. "ಶೋ ಅಂದರೆ ಸುಲಭದ ಸ್ಕೇಟಿಂಗ್" ಎನ್ನುವವರ ಮಾತನ್ನು ನಾನು ಇನ್ನು ಒಪ್ಪಲಾರೆ.

ಸ್ಪರ್ಧೆಗೆ ಇಲ್ಲದ ಸ್ವಾತಂತ್ರ್ಯವೂ ಶೋಗಳಿಗೆ ಮೊದಲಿನಿಂದ ಇತ್ತು. ಒಂಟಿ ಮತ್ತು ಜೋಡಿ ಸ್ಪರ್ಧೆಗಳಲ್ಲಿ ಮಾತಿರುವ ಹಾಡು ಬಳಸಲು ಒಪ್ಪಿಗೆ ಸಿಕ್ಕಿದ್ದೇ 2014–15ರ ಋತುವಿನಿಂದ. ಬ್ಯಾಕ್‌ಫ್ಲಿಪ್ ಕಥೆಯೂ ಹಾಗೇ. ಹಿಂದಕ್ಕೆ ಹೊಡೆಯುವ ಆ ಪಲ್ಟಿಗೆ ದಶಕಗಳ ಕಾಲ ಸ್ಪರ್ಧೆಯಲ್ಲಿ ನಿಷೇಧವಿತ್ತು. 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಸ್ಕೇಟರ್ ಸೂರ್ಯಾ ಬೊನಾಲಿ ಅದನ್ನು ಮಾಡಿ ಒಂದೇ ಕಾಲ ಮೇಲೆ ಇಳಿದರು. ನಿಷೇಧ ತೆಗೆದದ್ದು 2024ರಲ್ಲಿ.

ಎದುರಿಗೇ ನುಡಿಸುವ ಸಂಗೀತ ಹೊಸ ಸೇರ್ಪಡೆಯಲ್ಲ. 1860ರ ದಶಕದಲ್ಲಿ ಅಮೆರಿಕದ ಜಾಕ್ಸನ್ ಹೇನ್ಸ್ ವಿಯೆನ್ನಾದಲ್ಲಿ ವಾಲ್ಟ್ಸ್ ಸಂಗೀತಕ್ಕೆ ಸ್ಕೇಟ್ ಮಾಡಿ ಜನರನ್ನು ಮರುಳು ಮಾಡಿದ್ದರು. ಅವರು ತೀರಿಕೊಂಡದ್ದು 1875ರಲ್ಲಿ. ಎಡಿಸನ್‌ರ ಫೋನೋಗ್ರಾಫ್ ಬಂದದ್ದು 1877ರಲ್ಲಿ. ಅಂದರೆ ಹೇನ್ಸ್ ಹೆಜ್ಜೆ ಹಾಕಿದ ಸಂಗೀತವೆಲ್ಲ ಯಾರೋ ಆ ಹೊತ್ತಿಗೆ, ಅಲ್ಲೇ ನುಡಿಸಿದ್ದೇ! ಈ ಕಲೆ ಹುಟ್ಟಿದ್ದೇ ಹಾಗೆ. ಈಗ ಸ್ವಿಟ್ಜರ್ಲೆಂಡ್‌ನ ಆರ್ಟ್ ಆನ್ ಐಸ್, ಜಪಾನಿನ ಫ್ಯಾಂಟಸಿ ಆನ್ ಐಸ್ ತಂಡಗಳು ಗಾಯಕರನ್ನು ರಿಂಕ್‌ಗೆ ಕರೆತರುತ್ತವೆ. 2023ರ ಫೆಬ್ರವರಿಯಲ್ಲಿ ಜಪಾನಿನ ಸ್ಕೇಟರ್ ಯುಜುರು ಹಾನ್ಯು ಟೋಕಿಯೊ ಡೋಮ್‌ನಲ್ಲಿ ಒಬ್ಬರೇ ಒಂದು ಇಡೀ ಶೋ ನಡೆಸಿದಾಗ ಟೋಕಿಯೊ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆಗಿತ್ತು.

ಇವತ್ತು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ವಿರಾಮದ ನಂತರ ನಡೆಯಿತು. ನಿಧಾನದ ಹಾಡು. ಒಬ್ಬ ಹುಡುಗಿ, ಇಪ್ಪತ್ತರ ಆಸುಪಾಸು. ಆಕ್ಸೆಲ್‌ಗೆ, ಅಂದರೆ ಆ ಹೆಸರಿನ ಜಿಗಿತಕ್ಕೆ, ತಿರುಗಿದಳು. ಮುಖ ಮುಂದೆ ಮಾಡಿ ಜಿಗಿಯುವುದು ಅದೊಂದನ್ನೇ, ಹಾಗಾಗಿ ಅದಕ್ಕೆ ಅರ್ಧ ಸುತ್ತು ಜಾಸ್ತಿ. ಇಳಿಯುವಾಗ ಅಂಚು ಜಾರಿ ಬಿದ್ದಳು. ಹಾಡಿನ ಸಾಲು ಮುಗಿಯುವುದರಲ್ಲಿತ್ತು. ಗಾಯಕಿ ಕೊನೆಯ ಸ್ವರವನ್ನು ಬಿಡಲಿಲ್ಲ, ಎಳೆದು ಹಿಡಿದರು. ಡ್ರಮ್‌ನವರು ಕೋಲು ಬಿಟ್ಟು ಬ್ರಷ್ ತೆಗೆದುಕೊಂಡು ಸಿಂಬಲ್ ಮೇಲೆ ಸುತ್ತ ಸುತ್ತ ಸವರುತ್ತಾ ಹೋದರು. ತಾಳ ನಿಂತಿರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಪಿಯಾನೊದವರು ತಲೆ ಎತ್ತಿ ಅವಳನ್ನೇ ನೋಡುತ್ತಾ ಹಿಂದಿನ ಸಾಲನ್ನೇ ಮತ್ತೆ ನುಡಿಸಿದರು. ಅವಳು ಎದ್ದಳು. ಮಂಜು ಕೊಡವಿಕೊಳ್ಳಲೂ ಇಲ್ಲ. ಎರಡು ಸಲ ಕಾಲು ನೂಕಿ ವೇಗ ಹಿಡಿದು ಮೊಣಕಾಲು ಬಾಗಿಸಿದಳು. ಆ ಬಾಗುವಿಕೆಗೆ ಸರಿಯಾಗಿ ಡ್ರಮ್ ಬಿತ್ತು.

ರೆಕಾರ್ಡ್ ಆಗಿದ್ದರೆ ಹಾಡು ಅವಳನ್ನು ಬಿಟ್ಟು ಮುಂದೆ ಹೋಗಿರುತ್ತಿತ್ತು. ಅದನ್ನು ಹಿಡಿಯಲು ಅವಳು ನಾಲ್ಕಾರು ಹೆಜ್ಜೆ ಬಿಡಬೇಕಾಗುತ್ತಿತ್ತು. ಇಲ್ಲಿ ಒಂದು ಹೆಜ್ಜೆಯೂ ಕೈಬಿಟ್ಟಂತೆ ಕಾಣಲಿಲ್ಲ. ನನ್ನ ಹಿಂದೆ ಕೂತವರು ಅದನ್ನು ಹಾಗೆಯೇ ಸಂಯೋಜಿಸಿದ್ದಾರೆ ಅಂತಲೇ ಅಂದುಕೊಂಡರು. ನನಗೆ ಕಣ್ಣು ತುಂಬಿ ಬಂತು. ಬಿದ್ದವರಿಗಾಗಿ ಮೂರು ಜನ, ಒಬ್ಬರನ್ನೊಬ್ಬರು ಕೇಳಿಕೊಳ್ಳದೆ, ಒಂದೇ ಹೊತ್ತಿಗೆ ಕಾದದ್ದನ್ನು ನಾನು ಬೇರೆ ಯಾವ ಶೋನಲ್ಲೂ ನೋಡಿರಲಿಲ್ಲ.

ಮನೆಗೆ ಬಂದು ಕಾರ್ಯಕ್ರಮದ ಪುಸ್ತಿಕೆ ತಿರುವಿದೆ. ಸ್ಕೇಟರ್‌ಗಳಿಗೆ ಒಬ್ಬೊಬ್ಬರಿಗೂ ಒಂದು ಪುಟ, ಬಣ್ಣದ ಫೋಟೊ. ಅದು ಸರಿಯೇ. ಗಾಯಕಿಗೂ ಅರ್ಧ ಪುಟ ಇದೆ. ವಾದಕರದ್ದು ಮಾತ್ರ ಕೊನೆಯ ಪುಟದಲ್ಲಿ, ದೀಪದವರು, ಲಾರಿಯವರ ನಡುವೆ "ಸಂಗೀತ ತಂಡ" ಎಂಬ ಒಂದೇ ಸಾಲು. ಹೆಸರಿಲ್ಲ. ಇದು ನನಗೆ ಸರಿ ಕಾಣಲಿಲ್ಲ. ಏರ್ಪಡಿಸಿದವರಿಗೆ ಈಗಷ್ಟೇ ಬರೆದು ಕಳಿಸಿದೆ: ಮುಂದಿನ ಊರಿನ ಪುಸ್ತಿಕೆ ಅಚ್ಚಾಗುವ ಮೊದಲು ಆ ಐವರ ಹೆಸರು ಹಾಕಿ, ಯಾರು ಏನು ನುಡಿಸಿದರು ಎಂಬುದನ್ನೂ ಹಾಕಿ ಅಂತ.