ಹೊಸ ರೈಫಲ್ ತಗೊಂಡರೆ ಎಷ್ಟು ಪಾಯಿಂಟ್ ಜಾಸ್ತಿ ಬರುತ್ತೆ?

ಹೋದ ತಿಂಗಳು ಇಲ್ಲೇ ಪುಣೆಯಲ್ಲಿ ನಮ್ಮ ಕಡೆಯವರ ಮದುವೆ ಇತ್ತು. ಊಟಕ್ಕೆ ಪಕ್ಕದಲ್ಲಿ ಕೂತವರು ವಿಜಯಪುರದವರು, ಇಲ್ಲಿನ ನಿಗಡಿಗೆ ಬಂದು ಇಪ್ಪತ್ತು ವರ್ಷ ಆಗಿದೆ. ಹೋಳಿಗೆ ಮೇಲೆ ತುಪ್ಪ ಬೀಳುವ ಮೊದಲೇ ಕೇಳಿದರು. "ಸರ್, ಮಗಳಿಗೆ ಹೊಸಾ ರೈಫಲ್ ಕೊಡಸಬೇಕಂತ ಮಾಡೇನ್ರಿ. ಎಷ್ಟು ಪಾಯಿಂಟ್ ಜಾಸ್ತಿ ಬರ್ತಾವು?"

ಈ ಪ್ರಶ್ನೆಯನ್ನು ಬಾಲೇವಾಡಿಯ ಶೂಟಿಂಗ್ ರೇಂಜಿನ ಹೊರಗೆ ಮಕ್ಕಳಿಗಾಗಿ ಕಾಯುವ ಅಪ್ಪ ಅಮ್ಮಂದಿರು ಕೇಳಿದ್ದಾರೆ, ಆಫೀಸಿನವರು ಕೇಳಿದ್ದಾರೆ, ನನ್ನ ತಮ್ಮನೂ ಕೇಳಿದ್ದಾನೆ. 2024ರ ಆಗಸ್ಟ್ 1ರಂದು ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಸ್ಪರ್ಧೆ) ಕಂಚು ಗೆದ್ದ ಮೇಲಂತೂ ಕೇಳುವವರು ಜಾಸ್ತಿ ಆಗಿದ್ದಾರೆ. ಸ್ವಪ್ನಿಲ್ ಕೊಲ್ಹಾಪುರ ಜಿಲ್ಲೆಯವರು, ಆಗ ಸೆಂಟ್ರಲ್ ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ನೌಕರಿಯಲ್ಲಿದ್ದರು. ಅವರಿಗೆ ಆದದ್ದು ನಮ್ಮನೆ ಮಗುವಿಗೂ ಯಾಕೆ ಆಗಬಾರದು ಅನ್ನಿಸುತ್ತೆ, ಅಲ್ವಾ?

ನನ್ನ ಉತ್ತರ ಯಾರಿಗೂ ಇಷ್ಟ ಆಗುವುದಿಲ್ಲ. ಮೊದಲ ಮೂರು ತಿಂಗಳು ಪಾಯಿಂಟ್ ಕಡಿಮೆ ಆಗುತ್ತೆ.

ನನಗೆ ಆಗಿದೆ. ಕ್ಲಬ್ಬಿನ ಹಳೆ ರೈಫಲ್ ಹಿಡಿದು ಪ್ರೋನ್‌ನಲ್ಲಿ, ಅಂದರೆ ಬೋರಲಾಗಿ ಮಲಗಿ ಹೊಡೆಯುವಾಗ, 600ಕ್ಕೆ 581 ಬರುತ್ತಿತ್ತು. ಒಂದು ಒಳ್ಳೆ ಸೆಕೆಂಡ್‌ಹ್ಯಾಂಡ್ ಕಾರಿನಷ್ಟು ದುಡ್ಡು ಸುರಿದು ಹೊಸದು ತಂದೆ. 575ಕ್ಕೆ ಇಳಿಯಿತು. ವರ್ಷ ತುಂಬುವ ಹೊತ್ತಿಗೆ 588ಕ್ಕೆ ಬಂದು ನಿಂತಿತು. ಹಳೆಯದಕ್ಕಿಂತ ಏಳು ಜಾಸ್ತಿ. ಆ ಏಳರಲ್ಲಿ ರೈಫಲ್ಲಿನ ಪಾಲು ಎಷ್ಟು ಅಂತ ನನ್ನ ಡೈರಿ ನೋಡಿ ಲೆಕ್ಕ ಹಾಕಿದರೆ, ಬಹಳ ಅಂದರೆ ಎರಡು. ಉಳಿದದ್ದು ಗುಂಡಿನದು, ಮತ್ತೆ ಮುಂದಿನ ಸೈಟಿನ, ಅಂದರೆ ನಳಿಗೆಯ ತುದಿಯಲ್ಲಿ ಗುರಿ ನೋಡುವ ಭಾಗದ, ಒಂದು ಉಂಗುರದ್ದು.

ಲೈಸೆನ್ಸಿನ ಮಾತು ಬೇಗ ಮುಗಿಸುತ್ತೇನೆ. ಏರ್ ರೈಫಲ್ ಬೇರೆ, ಪಾಯಿಂಟ್ ಟೂ ಟೂ (.22) ಬೇರೆ. ಎರಡನೆಯದು, ಅಂದರೆ ನಾನು ಹೇಳುತ್ತಿರುವ 50 ಮೀಟರಿನದು, ಮದ್ದಿನ ಗುಂಡು ಹಾರಿಸುವ ನಿಜವಾದ ಬಂದೂಕು. 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ಪೊಲೀಸ್ ತಪಾಸಣೆ, ಮನೆಯಲ್ಲಿ ಭದ್ರವಾದ ಕಪಾಟು, ಕೊಂಡ ಪ್ರತಿ ಗುಂಡಿನ ಲೆಕ್ಕ, ಎಲ್ಲ ಇದೆ. ನನ್ನ ಕಾಗದಗಳು ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದ ದಿನಗಳಲ್ಲಿ ಮಡಿಕೇರಿಯ ಗೆಳೆಯನೊಬ್ಬ ಫೋನ್ ಮಾಡಿ ನಕ್ಕ. "ಕೋವಿಗೆ ಇಷ್ಟೊಂದು ಅರ್ಜಿಯಾ ಮಾರಾಯ?" ಕೊಡವರಿಗೆ ಮತ್ತು ಕೊಡಗಿನ ಹಳೆ ಜಮ್ಮಾ ಪದ್ಧತಿಯಲ್ಲಿ ಜಮೀನು ಹೊಂದಿದವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಅವನು ನಗಬಹುದು. ಧಾರವಾಡದಿಂದ ಬಂದ ನಾನು ಕ್ಯೂನಲ್ಲಿ ನಿಲ್ಲಬೇಕು.

ಯಾವ ಕಂಪನಿಯದು ತಗೊಳ್ಳಬೇಕು ಅಂತ ತುಂಬಾ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಆನ್‌ಶುಟ್ಜ್ ಮತ್ತು ವಾಲ್ಟರ್ ಎರಡೂ ಜರ್ಮನಿಯ ಉಲ್ಮ್ ಊರಿನವು. ಫೈನ್‌ವೆರ್ಕ್‌ಬೌ ಕೂಡ ಜರ್ಮನಿಯದೇ. ಬ್ಲೈಕರ್ ಸ್ವಿಟ್ಜರ್ಲೆಂಡಿನದು. ಇವುಗಳ ಮ್ಯಾಚ್ (ಸ್ಪರ್ಧೆಯ) ರೈಫಲ್‌ಗಳಲ್ಲಿ ಯಾವುದನ್ನು ತಂದರೂ, ಹೊಸದಾಗಿ ಕೊಳ್ಳುವವರಿಗಿಂತ ಅದೇ ಚೆನ್ನಾಗಿ ಹೊಡೆಯುತ್ತೆ. ಹಾಗಾಗಿ ಹೆಸರು ಬಿಡಿ, ಮೈಗೆ ಕೂರುತ್ತಾ ನೋಡಿ. ಸ್ಪರ್ಧೆಯ ನಿಯಮದಲ್ಲಿ 8 ಕಿಲೋವರೆಗೆ ತೂಕ ಇರಬಹುದು ಅಂತ ಹದಿನಾರು ವರ್ಷದ ಹುಡುಗಿಗೆ 8 ಕಿಲೋ ಹೊರಿಸಬೇಡಿ. ಪರಿಚಯದವರ ರೈಫಲ್ ಅನ್ನು ರೇಂಜಿನಲ್ಲೇ, ಅವರ ಎದುರಲ್ಲೇ, ಒಂದು ಗಂಟೆ ಹಿಡಿದು ನೋಡಲಿ. ಸೆಕೆಂಡ್‌ಹ್ಯಾಂಡ್ ಆದರೆ ಬ್ಯಾರಲ್ಲಿನ ತುದಿಯ ಅಂಚು ಮೊದಲು ನೋಡಿ. ಕ್ಲೀನಿಂಗ್ ರಾಡನ್ನು ಮುಂದಿನಿಂದ ತುರುಕಿ ತುರುಕಿ ಅಲ್ಲಿ ಸವೆಸಿದವರು ಬೇಕಾದಷ್ಟು ಜನ ಇದ್ದಾರೆ. ಗುಂಡು ಬ್ಯಾರಲ್ ಬಿಡುವಾಗ ಕೊನೆಗೆ ಮುಟ್ಟುವ ಜಾಗ ಅದು. ಒಂದು ಕಡೆ ಸವೆದಿದ್ದರೆ ಮದ್ದು ಉರಿದ ಗ್ಯಾಸ್ ಅಲ್ಲಿಂದ ಮೊದಲು ನುಗ್ಗಿ ಗುಂಡಿನ ಬಾಲಕ್ಕೆ ಪೆಟ್ಟು ಕೊಡುತ್ತೆ.

ಇನ್ನು ಗುಂಡು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಪಾಯಿಂಟ್ ಟೂ ಟೂ ತೋಟೆಯನ್ನು ರಿಮ್‌ಫೈರ್ ಅನ್ನುತ್ತಾರೆ. ಕಿಡಿ ಹತ್ತಿಸುವ ಮದ್ದು ಅದರ ಹಿಂಭಾಗದ ಮಡಿಸಿದ ಅಂಚಿನೊಳಗೆ ಸುತ್ತ ಹರಡಿಕೊಂಡಿರುತ್ತೆ. ಫೈರಿಂಗ್ ಪಿನ್ ಆ ಅಂಚನ್ನು ಚಚ್ಚುತ್ತೆ. ಮದ್ದು ಒಂದು ತೋಟೆಯಲ್ಲಿ ಸಮವಾಗಿ ಹರಡಿ, ಇನ್ನೊಂದರಲ್ಲಿ ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗಿದ್ದರೆ, ಗುಂಡಿನ ವೇಗ ಹೆಚ್ಚು ಕಡಿಮೆ ಆಗುತ್ತೆ. ದೊಡ್ಡ ರೈಫಲ್ಲಿನವರು ತಮ್ಮ ತೋಟೆಗೆ ತಾವೇ ಮದ್ದು ತೂಗಿ ತುಂಬಿಕೊಳ್ಳುತ್ತಾರೆ. ರಿಮ್‌ಫೈರ್‌ನಲ್ಲಿ ಆ ದಾರಿ ಇಲ್ಲ. ಕಾರ್ಖಾನೆ ಕೊಟ್ಟಿದ್ದನ್ನು ಆರಿಸಿಕೊಳ್ಳಬೇಕು, ಅಷ್ಟೇ.

ಆರಿಸುವುದು ಬ್ರ್ಯಾಂಡನ್ನಲ್ಲ, ಲಾಟನ್ನು, ಅಂದರೆ ಒಂದೇ ಸಲಕ್ಕೆ ತಯಾರಾದ ಕಂತನ್ನು. ಪ್ರತಿ ಪೆಟ್ಟಿಗೆ ಮೇಲೆ ಲಾಟ್ ನಂಬರ್ ಇರುತ್ತೆ. ಒಂದೇ ಹೆಸರು, ಒಂದೇ ಬೆಲೆ, ಲಾಟ್ ಬೇರೆ ಅಂದರೆ ನಿಮ್ಮ ಬ್ಯಾರಲ್ಲಿಗೆ ಬೇರೆ ಗುಂಡೇ. ನನಗೆ ಅಮೃತ ಆದ ಲಾಟ್ ಪಕ್ಕದ ಲೇನಿನವರಿಗೆ ಗಂಜಿ. ಯುರೋಪಿನವರು ಇದಕ್ಕಾಗಿ ಬ್ಯಾರಲ್ ಬಿಚ್ಚಿಕೊಂಡು ಕಾರ್ಖಾನೆಗೇ ಹೋಗುತ್ತಾರೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಗುಂಡು ತಯಾರಿಸುವ ಈಲಿ ಕಂಪನಿಯವರದು, ಜರ್ಮನಿಯ ಶೋನೆಬೆಕ್‌ನಲ್ಲಿ ಲಾಪುವಾ ಕಂಪನಿಯವರದು ಟೆಸ್ಟ್ ರೇಂಜ್ ಇದೆ. ಬ್ಯಾರಲ್ಲನ್ನು ಕಬ್ಬಿಣದ ಹಿಡಿಕೆಗೆ ಬಿಗಿದು ಲಾಟ್ ಮೇಲೆ ಲಾಟ್ ಹೊಡೆದು ನೋಡುತ್ತಾರೆ. ನಮಗೆ ಬಾಲೇವಾಡಿ, ಮರಳು ಚೀಲ, ಮತ್ತು ಡಿಸೆಂಬರಿನ ಬೆಳಗಿನ ಏಳು ಗಂಟೆ. ಆ ಹೊತ್ತಿಗೆ ಗಾಳಿ ಇನ್ನೂ ಎದ್ದಿರುವುದಿಲ್ಲ.

ಗಾಳಿ ಯಾಕೆ ಅಷ್ಟು ಮುಖ್ಯ ಅಂದರೆ, ಈ ಗುಂಡು ಬೇಕಂತಲೇ ನಿಧಾನ. ಮ್ಯಾಚ್ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ಹೋಗುತ್ತೆ, ಶಬ್ದದ ವೇಗಕ್ಕಿಂತ ಸ್ವಲ್ಪ ಕೆಳಗೆ. ಶಬ್ದದ ವೇಗ ದಾಟಿ ಮತ್ತೆ ಕೆಳಗಿಳಿಯುವಾಗ ಗುಂಡು ತತ್ತರಿಸುತ್ತೆ, ಅದನ್ನು ತಪ್ಪಿಸಲು ಹಾಗೆ ಮಾಡಿದ್ದಾರೆ. ಗಂಟೆಗೆ 15 ಕಿಲೋಮೀಟರ್ ವೇಗದ ಅಡ್ಡಗಾಳಿ 50 ಮೀಟರಿನಲ್ಲಿ ಗುಂಡನ್ನು ಎರಡೂವರೆ ಸೆಂಟಿಮೀಟರ್ ಆಸುಪಾಸು ತಳ್ಳುತ್ತೆ. ನಡುವೆ ಬೀಳಬೇಕಿದ್ದ ಹತ್ತು ಎಂಟಕ್ಕೋ ಏಳಕ್ಕೋ ಹೋಯಿತು. ಗಾಳಿಯಲ್ಲಿ ಲಾಟ್ ಟೆಸ್ಟ್ ಮಾಡಿದರೆ ಗಾಳಿಯನ್ನು ಟೆಸ್ಟ್ ಮಾಡಿದ ಹಾಗೆ.

ನಾನು ನಾಲ್ಕು ಲಾಟ್ ತಂದಿದ್ದೆ. ಮೊದಲ ದಿನ ಒಂದೊಂದರಲ್ಲೂ ಐದೈದು ಗುಂಡು ಹೊಡೆದು ಎರಡನೆಯದೇ ರಾಜ ಅಂತ ತೀರ್ಮಾನ ಮಾಡಿದೆ. ಐದೂ ಗುಂಡು 8 ಮಿಲಿಮೀಟರಿನೊಳಗೆ! ಖುಷಿಯಿಂದ ಮನೆಗೆ ಫೋಟೋ ಕಳಿಸಿದ್ದೂ ಆಯಿತು. ಮರುದಿನ ಅದೇ ಪೆಟ್ಟಿಗೆಯ ಇನ್ನೈದು 17 ಮಿಲಿಮೀಟರ್ ಹರಡಿದವು. ಐದು ಗುಂಡಿನ ಗ್ರೂಪ್ (ಒಟ್ಟಿಗೆ ಹೊಡೆದ ಗುಂಡುಗಳ ತೂತಿನ ಗುಂಪು) ಸುಮ್ನೆ ಮನಸ್ಸಿಗೆ ಸಮಾಧಾನ, ಅದರಿಂದ ಏನೂ ಗೊತ್ತಾಗುವುದಿಲ್ಲ. ಆಮೇಲೆ ಹತ್ತರ ನಾಲ್ಕು ಗ್ರೂಪ್, ಅಂದರೆ ಲಾಟಿಗೆ ನಲವತ್ತು ಗುಂಡು ಹೊಡೆದೆ. ಲಾಟ್ ಬದಲಿಸುವಾಗ ಮೊದಲ ಹದಿನೈದು ಗುಂಡನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಗುಂಡಿನ ಮೈಗೆ ಮೇಣದಂಥ ಪಸೆ ಹಚ್ಚಿರುತ್ತಾರೆ. ಹಳೆ ಲಾಟಿನ ಪಸೆ ಹೋಗಿ ಹೊಸದರ ಪಸೆ ಬ್ಯಾರಲ್ಲಿನೊಳಗೆ ಕೂರಬೇಕು. ಹೌದು, ದುಬಾರಿ ಗುಂಡನ್ನು ಹಾಗೆ ಸುಮ್ಮನೆ ಕಳೆಯಲು ಹೊಟ್ಟೆ ಉರಿಯುತ್ತೆ.

ಅಳೆಯುವುದು ಹೀಗೆ. ಎಲ್ಲಕ್ಕಿಂತ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿದು, ಬಂದದ್ದರಲ್ಲಿ ಗುಂಡಿನ ದಪ್ಪ 5.6 ಮಿಲಿಮೀಟರ್ ಕಳೆಯಿರಿ. ಟಾರ್ಗೆಟ್ಟಿನ ಹತ್ತರ ಉಂಗುರ 10.4 ಮಿಲಿಮೀಟರ್ ಅಗಲ. ಗೆರೆ ಮುಟ್ಟಿದರೂ ಹತ್ತೇ ಆದ್ದರಿಂದ, ಗುಂಡಿನ ನಡುಬಿಂದುವಿಗೆ ಸಿಗುವ ಜಾಗ 16 ಮಿಲಿಮೀಟರ್. ಆ 16ರೊಳಗೆ ಗುಂಡುಗಳೇ 15ನ್ನು ತಿಂದುಬಿಟ್ಟರೆ ನಿಮ್ಮ ಕೈ ನಡುಗಲು ಉಳಿದದ್ದೆಷ್ಟು? ನನ್ನ ನಾಲ್ಕು ಲಾಟುಗಳು ಸರಾಸರಿ 19, 17, 13, 18 ಕೊಟ್ಟವು. 18 ಕೊಟ್ಟದ್ದು ನಾಲ್ಕರಲ್ಲಿ ಅತಿ ದುಬಾರಿಯದು. 13ರದ್ದು ಬೆಲೆಯಲ್ಲಿ ಮೂರನೆಯದು. ಅಂಗಡಿಯವರಿಗೆ ಅಲ್ಲಿಂದಲೇ ಫೋನ್ ಮಾಡಿ, ಆ ಲಾಟಿನಲ್ಲಿ ನನ್ನ ಲೈಸೆನ್ಸಿಗೆ ಸಿಗುವಷ್ಟನ್ನೂ ತೆಗೆದಿಡಲು ಹೇಳಿದೆ. ನನ್ನ ಏಳು ಪಾಯಿಂಟಿನಲ್ಲಿ ಮೂರು ಬಂದದ್ದು ಆ ಫೋನಿನಿಂದ.

ಆಮೇಲೆ ಆ ಲಾಟಿನ ಒಂದು ಪೆಟ್ಟಿಗೆಯನ್ನು ಮೇ ತಿಂಗಳ ಬಿಸಿಲಲ್ಲಿ ಕಾರಿನೊಳಗೆ ಮರೆತು ಪಸೆ ಕರಗಿಸಿಕೊಂಡವನೂ ನಾನೇ.

ರೈಫಲ್ ಹೊಂದಿಸುವ ವಿಚಾರಕ್ಕೆ ಬಂದರೆ, ಹೊಸತರಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಇಷ್ಟೊಂದು ಸ್ಕ್ರೂ ಇದೆಯಲ್ಲ ಅಂತ ಎಲ್ಲವನ್ನೂ ತಿರುಗಿಸುವುದು. ಭುಜಕ್ಕೆ ಒತ್ತುವ ಬಟ್ ಪ್ಲೇಟ್ ಹಿಂದೆ ಮುಂದೆ ಹೋಗುತ್ತೆ, ಮೇಲೆ ಕೆಳಗೆ ಹೋಗುತ್ತೆ, ಓರೆಯಾಗುತ್ತೆ. ಕೆನ್ನೆ ಒರಗಿಸುವ ಚೀಕ್ ಪೀಸ್‌ದೂ ಹಾಗೇ. ಮೂರು ದಿನ ಆಟ ಆಡಿದ ಮೇಲೆ ಮೊದಲು ಎಲ್ಲಿತ್ತು ಅಂತ ನನಗೇ ಮರೆತಿತ್ತು. ನಾನು ಕೆಲಸ ಮಾಡುವ ಭೋಸರಿಯ ಕಾರ್ಖಾನೆಯಲ್ಲಿ ಹುಡುಗರಿಗೆ 'ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನೂ ಬರೆದಿಡಿ' ಅಂತ ದಿನಾ ಬೈಯುವವನು ನಾನು. ಮನೆಯಲ್ಲಿ ಯಾರೂ ಬೈಯಲು ಇರಲಿಲ್ಲ. ಕೊನೆಗೆ ಬಿಳಿ ಪೆನ್ಸಿಲಿನಲ್ಲಿ ಪ್ರತಿ ಜಾಗಕ್ಕೂ ಗೆರೆ ಹಾಕಿ, ಮುಂದಿನ ಕೈ ಜಾರದಂತೆ ತಡೆಯುವ ಹ್ಯಾಂಡ್ ಸ್ಟಾಪಿನಿಂದ ಶುರು ಮಾಡಿ ವಾರಕ್ಕೊಂದನ್ನೇ ಮುಟ್ಟಿದೆ. ಪರೀಕ್ಷೆ ಸುಲಭ. ಗುರಿ ಹಿಡಿದು ಕಣ್ಣು ಮುಚ್ಚಿ, ಎರಡು ಉಸಿರು ತಗೊಂಡು, ಕಣ್ಣು ಬಿಡಿ. ಸೈಟ್ ಟಾರ್ಗೆಟ್ಟಿನ ನಡುವಿನ ಕಪ್ಪು ವೃತ್ತದ ಮೇಲೇ ಇದ್ದರೆ ರೈಫಲ್ ಮೈಗೆ ಕೂತಿದೆ. ಪಕ್ಕಕ್ಕೆ ಸರಿದಿದ್ದರೆ ಇಷ್ಟು ಹೊತ್ತು ನೀವು ತೋಳಿನ ಬಲದಿಂದ ಎಳೆದು ಹಿಡಿದಿದ್ದಿರಿ.

ಆ್ಯಕ್ಷನ್ ಸ್ಕ್ರೂಗಳನ್ನು, ಅಂದರೆ ಬ್ಯಾರಲ್ ಮತ್ತು ಬೋಲ್ಟ್ (ಗುಂಡು ಹಾಕಿ ಮುಚ್ಚುವ ಸರಳು) ಇರುವ ಭಾಗವನ್ನು ಸ್ಟಾಕಿಗೆ (ಕೈಯಲ್ಲಿ ಹಿಡಿಯುವ ಚೌಕಟ್ಟಿಗೆ) ಹಿಡಿದಿಡುವ ಸ್ಕ್ರೂಗಳನ್ನು, ಅಂದಾಜಿನ ಮೇಲೆ ಬಿಗಿಯಬೇಡಿ. ಟಾರ್ಕ್ ರೆಂಚ್ ತಗೊಳ್ಳಿ, ಜೊತೆಗೆ ಬಂದ ಪುಸ್ತಕದಲ್ಲಿ ಇರುವಷ್ಟೇ ಬಿಗಿಯಿರಿ.

ಮುಂದಿನ ಸೈಟಿನ ಉಂಗುರದ್ದು ತಮಾಷೆ. ಚಿಕ್ಕದಾದಷ್ಟೂ ನಿಖರ ಅಂದುಕೊಂಡು ಕಪ್ಪಿನ ಸುತ್ತ ಎಳೆಯಷ್ಟೇ ಬಿಳಿ ಉಳಿಯುವ ಉಂಗುರ ಹಾಕಿದ್ದೆ. ಕಪ್ಪು ಸ್ವಲ್ಪ ಅಲುಗಿದರೂ ಬಿಳಿ ಒಂದು ಕಡೆ ಮಾಯ ಆಗಿ ಎದೆ ಝಲ್ ಅನ್ನುತ್ತೆ, ಬೆರಳು ಕಟ್ಟಿಹೋಗುತ್ತೆ. ಕಾಯುತ್ತಾ ಕಾಯುತ್ತಾ ಕಣ್ಣು ಮಂಜಾಗಿ, ಕೊನೆಗೆ ಟ್ರಿಗರ್ ಕಿತ್ತುಬಿಡುತ್ತೇವೆ. 4.2 ಮಿಲಿಮೀಟರಿನ ಉಂಗುರ ಹಾಕಿದ ವಾರವೇ ಎರಡು ಪಾಯಿಂಟ್ ಬಂತು. ಇಡೀ ವರ್ಷದ ಖರ್ಚಿನಲ್ಲಿ ಅತಿ ಅಗ್ಗದ ವಸ್ತು ಅದು.

ಟ್ರಿಗರಿನ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. 50 ಮೀಟರ್ ರೈಫಲ್‌ನಲ್ಲಿ ಟ್ರಿಗರ್ ಇಷ್ಟೇ ಭಾರ ಇರಬೇಕು ಅನ್ನುವ ಕನಿಷ್ಠ ಮಿತಿ ಇಲ್ಲ. ಹಗುರಾದಷ್ಟೂ ಒಳ್ಳೆಯದು ಅಂತ ನಾನು ಇಳಿಸುತ್ತಾ ಹೋದೆ. ಒಂದು ಬೆಳಿಗ್ಗೆ ಗುಂಡು ಹಾಕಿ ಬೋಲ್ಟನ್ನು ಸ್ವಲ್ಪ ಜೋರಾಗಿ ಮುಚ್ಚಿದೆ, ಅಷ್ಟೇ. ಬೆರಳು ಟ್ರಿಗರಿನ ಹತ್ತಿರವೂ ಇರಲಿಲ್ಲ, ಢಂ ಅಂತು. ನಳಿಗೆ ಟಾರ್ಗೆಟ್ಟಿನ ಕಡೆಗೇ ಇತ್ತು, ಗುಂಡು ಮಣ್ಣಿನ ದಿಬ್ಬಕ್ಕೆ ಹೋಯಿತು. ರೇಂಜ್ ಆಫೀಸರ್ ಕೂಗಾಡಲಿಲ್ಲ. ಹತ್ತಿರ ಬಂದು ಬೋಲ್ಟ್ ತೆಗೆಸಿ, ಮರಾಠಿಯಲ್ಲಿ "ಇವತ್ತಿಗೆ ಮನೆಗೆ ಹೋಗಿ" ಅಂದರು. ಕೂಗಾಡಿದ್ದರೇ ಚೆನ್ನಾಗಿತ್ತು. ಈಗ ಟ್ರಿಗರ್ ಮುಟ್ಟಿದಾಗೆಲ್ಲ ಗುಂಡಿಲ್ಲದೆ ಬೋಲ್ಟನ್ನು ಹತ್ತು ಸಲ ಜೋರಾಗಿ ಮುಚ್ಚಿ ನೋಡುತ್ತೇನೆ, ರೈಫಲ್ಲಿನ ಬಟ್ಟನ್ನು ಮ್ಯಾಟಿನ ಮೇಲೆ ಕುಟ್ಟಿ ನೋಡುತ್ತೇನೆ. ಒಂದು ಸಲ ಜಾರಿದರೂ ಮತ್ತೆ ಭಾರ ಏರಿಸುತ್ತೇನೆ. ಮಕ್ಕಳ ರೈಫಲ್ಲಿನ ಟ್ರಿಗರನ್ನು ಅಪ್ಪಂದಿರು ಯೂಟ್ಯೂಬ್ ನೋಡಿ ತಿರುಗಿಸಬಾರದು. ಕೋಚ್ ಎದುರಲ್ಲೇ ಆಗಬೇಕು.

ಕ್ಲೀನಿಂಗ್? ಪ್ರತಿ ದಿನ ತಿಕ್ಕಬೇಕಿಲ್ಲ. ಬೋರ್ ಗೈಡ್ (ರಾಡ್ ನೇರ ಹೋಗಲು ಹಾಕುವ ಕೊಳವೆ) ಹಾಕಿ ಹಿಂದಿನಿಂದ ಫೆಲ್ಟ್ ಬಿಲ್ಲೆ ತೂರಿಸಿ, ಸಾಕು. ತೋಟೆ ಕೂರುವ ಜಾಗದ ಮುಂದೆ ಗಟ್ಟಿಯಾಗುವ ಮಸಿಯ ಉಂಗುರದ ಮೇಲೆ ಮಾತ್ರ ಕಣ್ಣಿರಲಿ. ಆಯುಧಪೂಜೆಯ ದಿನ ಅವ್ವ ಕುಂಕುಮದ ಬಟ್ಟಲು ಹಿಡಿದು "ಎಲ್ಲಿ ಹಚ್ಚಲೋ ಇದಕ್ಕ?" ಅಂತ ನಿಂತಾಗ ಪೆಟ್ಟಿಗೆಯ ಮುಚ್ಚಳ ತೋರಿಸಿದೆ. ಬ್ಯಾರಲ್ಲಿಗೇ ಹಚ್ಚಬೇಕು ಅಂತ ಹಟ ಹಿಡಿದರು. ಹೂವಿಗೆ ಒಪ್ಪಿಸಿದೆ.

ಮದುವೆಯಲ್ಲಿ ಪಕ್ಕ ಕೂತ ಆ ನಿಗಡಿಯವರಿಗೆ ಊಟ ಮುಗಿಯುವವರೆಗೆ ಇದರಲ್ಲಿ ಕಾಲು ಭಾಗ ಹೇಳಿರಬಹುದು. ಕೈ ತೊಳೆಯುವಾಗ ಅವರು "ಅಂದ್ರ ಕೊಡಸಬ್ಯಾಡ ಅಂತೀರೇನು?" ಅಂದರು. ಹಾಗಲ್ಲ, ಮೊದಲು ಈಗಿನ ಕ್ಲಬ್ ರೈಫಲ್ಲಿಗೆ ನಾಲ್ಕು ಲಾಟ್ ಹೊಡೆದು ನೋಡಲಿ, ದೊಡ್ಡ ಉಂಗುರ ಹಾಕಿ ನೋಡಲಿ, ಆಮೇಲೆ ಮಾತಾಡೋಣ ಅಂದೆ. ಭಾನುವಾರ ಏಳಕ್ಕೆ ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಡೈರಿ ತಂದಿದ್ದಳು, ಅಪ್ಪ ವರ್ನಿಯರ್ ತಂದಿದ್ದರು. ನಾನೂ ಅವಳ ಪಕ್ಕದ ಲೇನಿನಲ್ಲೇ ಮಲಗಿದೆ. ನನ್ನ ಆ 13ರ ಲಾಟಿನಲ್ಲಿ ಇನ್ನು ಎರಡೇ ಪೆಟ್ಟಿಗೆ ಉಳಿದಿವೆ, ಅಂಗಡಿಯಲ್ಲೂ ಖಾಲಿ. ನಾನೂ ಮತ್ತೆ ಮೊದಲಿಂದ ಹುಡುಕಬೇಕು.