ಬ್ಯಾಡಗಿಯ ಲಾಟುಗಳು ಮತ್ತು ನೂರೊಂದನೆಯ ಕ್ವೆರಿ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಗಾಗಿ ನಾವು ಹುಬ್ಬಳ್ಳಿಯಲ್ಲಿ ಕುಳಿತು ಸೇಲ್ಸ್‌ಫೋರ್ಸ್ ಎಂಬ ಆನ್‌ಲೈನ್ ವ್ಯವಹಾರ ವೇದಿಕೆಯ ಮೇಲೆ ಕಟ್ಟಿದ ತಂತ್ರಾಂಶವು ಸುಗ್ಗಿಯ ಮೊದಲ ದೊಡ್ಡ ವಹಿವಾಟಿನ ದಿನವೇ ಕೈಕೊಟ್ಟಿತು. ಅಂದು ಬೆಳಿಗ್ಗೆ ಅಂಗಡಿಯ ಗುಮಾಸ್ತರು 140 ಲಾಟುಗಳ (ಮಾರಾಟಕ್ಕಿಟ್ಟ ಮೆಣಸಿನಕಾಯಿ ರಾಶಿಗಳ) ವಿವರವನ್ನು ಒಮ್ಮೆಲೇ ಏರಿಸಿದಾಗ ‘ಟೂ ಮೆನಿ ಎಸ್‌ಒಕ್ಯೂಎಲ್ ಕ್ವೆರೀಸ್: 101’ ಎಂಬ ದೋಷದ ಸಾಲು (ದಾಖಲೆಗಳಿಂದ ಮಾಹಿತಿ ಕೇಳುವ ಆದೇಶಗಳು, ಅಂದರೆ ಕ್ವೆರಿಗಳು, ಮಿತಿ ಮೀರಿ 101 ಆದವು ಎಂದರ್ಥ) ಬಂದಿತು, ಒಂದು ಲಾಟೂ ದಾಖಲಾಗಲಿಲ್ಲ.

ತಪ್ಪು ದಾಖಲೆ ಉಳಿಸುವಾಗ ತಾನಾಗಿ ಓಡುವ ನನ್ನ ಕೋಡಿನಲ್ಲಿ, ಅಂದರೆ ಟ್ರಿಗರ್‌ನಲ್ಲಿತ್ತು. ಲೂಪಿನ (ಮತ್ತೆ ಮತ್ತೆ ಓಡುವ ಕೋಡಿನ) ಒಳಗೆ ಪ್ರತಿ ಲಾಟಿಗೂ ರೈತರ ಖಾತೆಯನ್ನು ಹುಡುಕುವ ಒಂದು ಕ್ವೆರಿ ಬರೆದಿದ್ದೆ. ಅನೇಕ ಕಂಪನಿಗಳು ಒಂದೇ ವ್ಯವಸ್ಥೆಯನ್ನು ಹಂಚಿಕೊಳ್ಳುವ ಈ ವೇದಿಕೆಯಲ್ಲಿ ಸಾಮಾನ್ಯ ಟ್ರಾನ್ಸಾಕ್ಷನ್ (ಒಟ್ಟಿಗೆ ನಡೆಯುವ ಕೆಲಸದ ಕಂತು) ಒಂದಕ್ಕೆ 100 ಕ್ವೆರಿ ಹಾಗೂ 150 ಡಿಎಂಎಲ್ (ದಾಖಲೆ ಸೇರಿಸುವ, ಬದಲಿಸುವ, ಅಳಿಸುವ ಆದೇಶ) ಎಂಬ ಮಿತಿಯಿದೆ. ಟ್ರಿಗರ್‌ಗಾದರೋ ಒಮ್ಮೆಗೆ 200 ದಾಖಲೆಗಳವರೆಗೆ ಬರುತ್ತವೆ. ಐದು ಲಾಟುಗಳಿಟ್ಟು ಪರೀಕ್ಷಿಸಿದ್ದ ನಮಗೆ ಇದು ಕಾಣಿಸಿರಲಿಲ್ಲ.

ಕ್ವೆರಿಯನ್ನು ಲೂಪಿನಿಂದ ಹೊರಗೆ ತೆಗೆದಿದ್ದರೆ ಅಂದಿನ ಕೆಲಸ ಸಾಗುತ್ತಿತ್ತು. ಆದರೆ ಅದೇ ಕ್ವೆರಿ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಮುದ್ರಿಸುವ ಪುಟದಲ್ಲಿಯೂ ರಾತ್ರಿ ತಾನಾಗಿ ಓಡುವ ಬ್ಯಾಚ್‌ನಲ್ಲಿಯೂ ಬೇರೆ ಬೇರೆ ರೂಪದಲ್ಲಿ ಕುಳಿತಿತ್ತು, ಒಂದರಲ್ಲಿ ಬೇಕಾದ ಕಾಲಮ್ಮೇ ಬಿಟ್ಟುಹೋಗಿತ್ತು. ಆಗ ನಾವು ತಂತ್ರಾಂಶ ವಿನ್ಯಾಸದ ಲೇಖಕ ಮಾರ್ಟಿನ್ ಫೌಲರ್ ಅವರು 2002ರಲ್ಲಿ ಪುಸ್ತಕವಾಗಿ ದಾಖಲಿಸಿದ ಎಂಟರ್‌ಪ್ರೈಸ್ ಮಾದರಿಗಳ (ದೊಡ್ಡ ವ್ಯವಹಾರ ತಂತ್ರಾಂಶಗಳ ಕೋಡನ್ನು ಜೋಡಿಸುವ ವಿಧಾನಗಳ) ಕಡೆ ತಿರುಗಿದೆವು. ಸೇಲ್ಸ್‌ಫೋರ್ಸ್‌ನ ಕೋಡ್ ಭಾಷೆಯಾದ ಎಪೆಕ್ಸ್ ಬರೆಯುವವರು ಅವನ್ನು ಸರ್ವಿಸ್, ಡೊಮೇನ್, ಸೆಲೆಕ್ಟರ್, ಯೂನಿಟ್ ಆಫ್ ವರ್ಕ್ ಎಂಬ ರೂಪದಲ್ಲಿ ಬಳಸುತ್ತಾರೆ.

ಸೆಲೆಕ್ಟರ್‌ನ ಕೆಲಸ ಸರಳ: ರೈತರ ಖಾತೆಯನ್ನು ಓದುವ ಕ್ವೆರಿಗಳೆಲ್ಲ ಒಂದೇ ಕ್ಲಾಸಿನಲ್ಲಿ (ಕೋಡಿನ ಒಂದು ಘಟಕದಲ್ಲಿ) ಇರುತ್ತವೆ, ಒಂದು ಐಡಿಯ ಬದಲು ಐಡಿಗಳ ಗುಂಪನ್ನೇ ಕೇಳುತ್ತವೆ. ನನಗೆ ಹೆಚ್ಚು ಹಿಡಿಸಿದ್ದು ವ್ಯವಹಾರದ ನಿಯಮಗಳನ್ನು ಇಡುವ ಡೊಮೇನ್ ಪದರ. ದಲಾಲಿಯನ್ನು ಖರೀದಿದಾರರಿಂದ ಪಡೆಯಬೇಕೇ ಹೊರತು ರೈತರ ಹಣದಲ್ಲಿ ಮುರಿದುಕೊಳ್ಳುವಂತಿಲ್ಲ ಎಂಬುದು ಮಾರುಕಟ್ಟೆಯ ನಿಯಮ. ಅಂಥ ನಿಯಮ ಬಟನ್ನಿನ ಹಿಂದಿನ ಕೋಡಿನಲ್ಲಿ ಅಡಗಿದ್ದರೆ, ಮೊಬೈಲಿನಿಂದ ಬಂದ ದಾಖಲೆ ಅದನ್ನು ತಪ್ಪಿಸಿಕೊಂಡು ಹೋಗುತ್ತದೆ, ನಷ್ಟ ರೈತರಿಗಾಗುತ್ತದೆ. ಈಗ ಆ ನಿಯಮ ಪಟ್ಟಿಯ ಡೊಮೇನ್ ಕ್ಲಾಸಿನಲ್ಲಿದೆ, ದಾಖಲೆ ಎಲ್ಲಿಂದ ಬಂದರೂ ಅದರ ಮೂಲಕವೇ ಹಾಯಬೇಕು. ಸರ್ವಿಸ್‌ನಲ್ಲಿರುವುದು ‘ಪಟ್ಟಿ ಮಾಡು’ ಎಂಬ ಒಂದು ಮೆಥಡ್ (ಹೆಸರಿಟ್ಟು ಕರೆಯುವ ಕೋಡಿನ ತುಣುಕು). ಗುಮಾಸ್ತರ ಮಾತನ್ನೇ ಹೆಸರಾಗಿಟ್ಟದ್ದರಿಂದ ಅವರೊಡನೆ ಕುಳಿತು ಕೋಡ್ ಪರಿಶೀಲಿಸುವುದು ಸುಲಭವಾಯಿತು. ಪಟ್ಟಿ, ಅದರ ಸಾಲುಗಳು, ಹಮಾಲಿಯ ಲೆಕ್ಕ ಇವನ್ನು ಯೂನಿಟ್ ಆಫ್ ವರ್ಕ್ ಕೂಡಿಟ್ಟುಕೊಂಡು, ಮೊದಲು ಪಟ್ಟಿಯನ್ನು ಸೇರಿಸಿ, ಅದರ ಐಡಿಯನ್ನು ಸಾಲುಗಳಿಗೆ ತುಂಬಿ, ಕೊನೆಗೆ ಒಟ್ಟಿಗೆ ಉಳಿಸುತ್ತದೆ. ನಡುವೆ ಎಡವಿದರೆ ಎಲ್ಲವೂ ಹಿಂದಕ್ಕೆ ಹೋಗುತ್ತದೆ, ಸಾಲುಗಳಿಲ್ಲದ ಅರೆಬರೆ ಪಟ್ಟಿ ಉಳಿಯುವುದಿಲ್ಲ.

ಎರಡು ಕಾಲಮ್ಮಿನ ಪುಟ್ಟ ಆಬ್ಜೆಕ್ಟಿಗೂ (ದಾಖಲೆಗಳ ಕೋಷ್ಟಕಕ್ಕೂ) ನಾಲ್ಕು ಕ್ಲಾಸ್ ಬರೆಯಬೇಕೆಂದು ನಾನು ಹೇಳಲಾರೆ. ಸೆಲೆಕ್ಟರ್‌ನಿಂದ ಶುರುಮಾಡಿ, ನಿಜವಾದ ವ್ಯವಹಾರ ನಿಯಮವಿದ್ದಲ್ಲಿ ಮಾತ್ರ ಡೊಮೇನ್ ಕ್ಲಾಸ್ ಕಟ್ಟುವುದು ನಾವು ಹಿಡಿದ ಕ್ರಮ. ಟೆಸ್ಟ್ ಕ್ಲಾಸುಗಳು ಈಗ 200 ಲಾಟುಗಳನ್ನು ಏರಿಸಿ ಕ್ವೆರಿಗಳನ್ನು ಎಣಿಸುತ್ತವೆ; ಕಳೆದ ವಾರ ಆ ಎಣಿಕೆ 3 ಇತ್ತು.