ಮೂಲೆಯಲ್ಲಿಟ್ಟ ಬಕೆಟ್ಟು

ನಮ್ಮ ತಂದೆಯವರು ತುಮಕೂರಿನ ಕ್ಯಾತ್ಸಂದ್ರದಲ್ಲಿ ಕಟ್ಟಿಸಿದ ಕಟ್ಟಡದಲ್ಲಿ ಮೂರು ಬಾಡಿಗೆ ಮನೆಗಳಿವೆ. ಅವರು ತೀರಿಕೊಂಡ ಮೇಲೆ ಅದರ ಉಸ್ತುವಾರಿ ನನ್ನ ಪಾಲಿಗೆ ಬಂತು. ನಾವಿರುವುದು ಊರಿನ ಇನ್ನೊಂದು ಬದಿಯಲ್ಲಾದ್ದರಿಂದ ಆ ಕಡೆ ಹೋಗುವುದು ಅಪರೂಪ. ಬಾಡಿಗೆ ತಿಂಗಳು ತಿಂಗಳಿಗೆ ಖಾತೆಗೆ ಬೀಳುತ್ತಿತ್ತು, ಯಾರೂ ಫೋನ್ ಮಾಡುತ್ತಿರಲಿಲ್ಲ, ಹಾಗಾಗಿ ಎಲ್ಲರೂ ನೆಮ್ಮದಿಯಾಗಿದ್ದಾರೆಂದೇ ಎಣಿಸಿದ್ದೆ. ಆ ಎಣಿಕೆ ತಲೆಕೆಳಗಾದದ್ದು 2022ರ ಹಸ್ತ ಮಳೆಯಲ್ಲಿ.

ಆ ಸಂಜೆ ನಾನು ಮಹಡಿಯ ಮನೆಗೆ ಹೋದದ್ದು ಕರಾರು ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು. ಗಂಡ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು, ಪಾಳಿ ಮುಗಿಸಿ ಇನ್ನೂ ಬಂದಿರಲಿಲ್ಲ. ಬಾಗಿಲು ತೆರೆದದ್ದು ಶಾಲೆಯಲ್ಲಿ ಪಾಠ ಹೇಳುವ ಅವರ ಹೆಂಡತಿ. ಒಳಕೋಣೆಯಲ್ಲಿ ಮಂಚವನ್ನು ಗೋಡೆಯಿಂದ ಎಳೆದು ನಡುವೆ ಹಾಕಿದ್ದರು. ಮೂಲೆಯಲ್ಲೊಂದು ನೀಲಿ ಬಕೆಟ್ಟು, ಅದರ ತಳದಲ್ಲಿ ಮಡಚಿಟ್ಟ ಹಳೆಯ ಟವೆಲು. ಹನಿ ಬಿದ್ದಾಗ ಸಿಡಿದು ಮಗುವಿನ ಪುಸ್ತಕಗಳು ನೆನೆಯದಿರಲೆಂದು ಹಾಗಿಟ್ಟಿದ್ದರಂತೆ. ಮೇಲೆ ನೋಡಿದರೆ ಬಣ್ಣ ಹಪ್ಪಳದಂತೆ ಉಬ್ಬಿತ್ತು. ಬೆರಳಿನಿಂದ ಗೋಡೆಯನ್ನು ಒತ್ತಿದೆ, ಹಸಿ ಮರಳು ಅಂಗೈಗೆ ಉದುರಿತು. ಅಲ್ಲಿಂದ ಎರಡಡಿ ಕೆಳಗಿದ್ದ ಸ್ವಿಚ್ ಬೋರ್ಡಿಗೆ ಯಾರೂ ಮುಟ್ಟದಂತೆ ಟೇಪು ಸುತ್ತಿದ್ದರು.

"ಎಷ್ಟು ದಿನದಿಂದಮ್ಮ ಹೀಗೆ?" ಎಂದೆ.

"ಹೋದ ವರ್ಷದ ಮಳೇಲೂ ಸ್ವಲ್ಪ ತೊಟ್ಟಿಕ್ತಿತ್ತು ಸಾರ್. ಕರಾರು ಮುಗಿಯೋ ಹೊತ್ತಲ್ಲಿ ಹೇಳಿದ್ರೆ ಬಾಡಿಗೆ ಜಾಸ್ತಿ ಮಾಡ್ತೀರೇನೋ, ಇಲ್ಲಾ ಮನೆ ಖಾಲಿ ಮಾಡಿ ಅಂತೀರೇನೋ ಅಂತ ಸುಮ್ನಿದ್ವಿ."

ಕೈಯಲ್ಲಿದ್ದ ಕರಾರು ಪತ್ರವನ್ನು ಹೊರಗೆ ತೆಗೆಯಲು ನನಗೆ ಮನಸ್ಸಾಗಲಿಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆಂದು ನಾವು ಮಾಲೀಕರೆಲ್ಲ ಹನ್ನೊಂದು ತಿಂಗಳಿಗೇ ಬರೆಸಿಕೊಳ್ಳುತ್ತೇವೆ. ಆ ಹನ್ನೊಂದನೆಯ ತಿಂಗಳು ಹತ್ತಿರವಾದಂತೆ ಬಾಡಿಗೆಗಿರುವವರ ಬಾಯಿ ಕಟ್ಟಿಹೋಗುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ.

ಕೊಡೆ ಹಿಡಿದು ತಾರಸಿಗೆ ಹತ್ತಿದೆ. ಪಾದ ಮುಳುಗುವಷ್ಟು ನೀರು ನಿಂತಿತ್ತು. ಪಕ್ಕದ ಹೊಂಗೆ ಮರದ ಎಲೆಗಳು ಒಂದು ಪ್ಲಾಸ್ಟಿಕ್ ಕವರಿನೊಡನೆ ಸೇರಿ ಮಳೆನೀರಿನ ಪೈಪಿನ ಬಾಯಿಯನ್ನು ಬೆಣೆಯಂತೆ ಮುಚ್ಚಿದ್ದವು. ಕೈಹಾಕಿ ಎಳೆದದ್ದೇ ತಡ, ನೀರು ಗಳಗಳನೆ ಇಳಿದುಹೋಯಿತು. ಎರಡು ಮಳೆಗಾಲ ನಿಂತ ನೀರು ಪ್ಯಾರಾಪೆಟ್ಟು ಮತ್ತು ತಾರಸಿ ಕೂಡುವ ಸಂದಿಯಿಂದ ಒಳಗಿಳಿದಿತ್ತು. ಮಳೆ ಹೊಳವಾದ ಮೇಲೆ ಮೇಸ್ತ್ರಿ ಗಾರೆ ಕೆತ್ತಿ ತೋರಿಸಿದಾಗ ಕಬ್ಬಿಣದ ಸರಳು ತುಕ್ಕು ಹಿಡಿದು ಊದಿಕೊಂಡು, ಸುತ್ತಲಿನ ಕಾಂಕ್ರೀಟನ್ನೇ ಸೀಳಿತ್ತು. ಸರಳು ಉಜ್ಜಿ, ಗಾರೆ ಕಟ್ಟಿ, ತಾರಸಿಗೆ ನೀರು ಇಳಿಯದಂತೆ ಬಳಿಸಿ, ವೈರು ಬದಲಿಸುವ ಹೊತ್ತಿಗೆ 34 ಸಾವಿರ ರೂಪಾಯಿ ಕೈಬಿಟ್ಟಿತು. ಪೈಪಿನ ಬಾಯಿಗೆ ಆಮೇಲೆ ಹಾಕಿಸಿದ ಜಾಲರಿಯ ಬೆಲೆ ನೂರು ರೂಪಾಯಿಯೂ ಇರಲಿಲ್ಲ.

ವಕೀಲರಾದ ಸ್ನೇಹಿತರೊಬ್ಬರಿಗೆ ಇದನ್ನು ಹೇಳಿದಾಗ ಅವರು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಕಲಮನ್ನು ನೆನಪಿಸಿದರು: ಮಾಲೀಕ ಮಾಡಿಸಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ ಅದಕ್ಕೆ ಮೊದಲು ತಿಳಿಸಬೇಕಲ್ಲ. ಬಾಯಿಬಿಡಲು ಹೆದರಿ ಬಕೆಟ್ಟು ಇಡುವವರಿಗೆ ಕಾನೂನು ಏನು ಮಾಡೀತು?

ಅಂದಿನಿಂದ ರೋಹಿಣಿ ಮಳೆಗೆ ಮುಂಚೆ, ಮೊದಲೇ ಫೋನ್ ಮಾಡಿ ಅವರಿಗೆ ಬಿಡುವಿದ್ದ ದಿನ ಕೇಳಿಕೊಂಡು, ಪ್ಲಂಬರನ್ನೂ ಎಲೆಕ್ಟ್ರಿಷಿಯನ್ನನ್ನೂ ಕರೆದುಕೊಂಡು ಮೂರೂ ಮನೆಗಳಿಗೆ ಹೋಗುತ್ತೇನೆ. ತಾರಸಿ, ಸಂಪು, ಚೇಂಬರು, ಅರ್ಥಿಂಗ್ ಎಲ್ಲವನ್ನೂ ನೋಡಿಸುತ್ತೇನಾದರೂ ಹೆಚ್ಚು ಹೊತ್ತು ಹಿಡಿಯುವುದು ಗೀಸರು. ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ನಲ್ಲಿಗೆ ಬಂದ ದಿನ ಸರಿ, ಉಳಿದಂತೆ ನಮ್ಮದು ಬೋರ್‌ವೆಲ್ಲಿನ ಗಡಸು ನೀರು. ಕಾಯಿಲಿನ ಮೇಲೆ ಬಿಳಿಯ ಉಪ್ಪು ಕಟ್ಟಿ, ಶಾಖ ನೀರಿಗೆ ಇಳಿಯದೆ ಕಾಯಿಲೇ ಸುಟ್ಟುಹೋಗುತ್ತದೆ. ಬಿಚ್ಚಿ ತೊಳೆದರೆ ಇನ್ನೊಂದಷ್ಟು ಕಾಲ ಬಾಳುತ್ತದೆ. ಕರಾರು ನವೀಕರಿಸುವ ಮಾತನ್ನು ಮಾತ್ರ ಆ ದಿನ ಎತ್ತುವುದಿಲ್ಲ, ಅದಕ್ಕೆ ಬೇರೆ ದಿನ.

ಮರುವರ್ಷ ಮಳೆ ಜೋರಾಗಿ ಹುಯ್ದ ಒಂದು ರಾತ್ರಿ ಮನಸ್ಸು ತಡೆಯದೆ ಆಕೆಗೆ ಫೋನ್ ಮಾಡಿ ಮೂಲೆ ಹೇಗಿದೆಯೆಂದು ಕೇಳಿದೆ. "ಒಣಗಿದೆ ಸಾರ್" ಎಂದರು. ಇಡಬೇಕೆನ್ನುವಷ್ಟರಲ್ಲಿ ಸ್ವಲ್ಪ ತಡೆದು, "ಆದ್ರೆ ಬಚ್ಚಲುಮನೆ ನಲ್ಲಿ ಸೋರ್ತಿದೆ, ನಾಳೆ ಪ್ಲಂಬರ್‌ನ ಕಳಿಸ್ತೀರಾ?" ಎಂದರು. ಆ ಮನೆಯಿಂದ ನನಗೆ ಬಂದ ಮೊದಲ ದೂರು ಅದು.